ಗಾಡಿ ನಿಂತಲ್ಲೇ ರೇಸ್ ಆಗುವುದು ಯಾಕೆ?

(ದಮ್ಮಾಮಿನಲ್ಲಿ ನಡೆದ ನಮ್ಮ ಮಾಸಿಕ ಕೂಟದಲ್ಲಿ, ಗ್ಯಾರೇಜ್ ಕೆಲಸದ ಸಹೋದರರ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಗೌರವಾನ್ವಿತ ಅಧ್ಯಕ್ಷರೇ, ಹಿರಿಯರೇ, ವಾರಕ್ಕೊಂದು ರಜೆಯ ನಿದ್ದೆಯನ್ನೂ ಬಿಟ್ಟು ಜುಬೈಲ್, ಖೋಬರ್, ಹುಫೂಫ್ ಕಡೆಯಿಂದ ಬಂದು ಕೂತಿರುವ ಪ್ರೀತಿಯ ಸಹೋದರರೇ,

ಇಕಾಮ, ವಿಮೆ, ಸಕ್ಕರೆ ಕಾಯಿಲೆ, ಮಕ್ಕಳ ಶಾಲೆ ಎಂದು ಈ ಕೂಟದಲ್ಲಿ ಹಲವು ವಿಷಯಗಳು ಬಂದು ಹೋಗಿವೆ. ಈ ಸಲ ಗಾಡಿಯ ಬಗ್ಗೆ ಏನಾದರೂ ಹೇಳಿ ಎಂದು ಕಮಿಟಿಯವರು ಸನಾಯಿಯದಲ್ಲಿ ಸ್ಪ್ಯಾನರ್ ಹಿಡಿಯುವ ನಮ್ಮನ್ನು ಕೇಳಿದರು. ನಾವು ಭಾಷಣ ಮಾಡಿ ಗೊತ್ತಿರುವವರಲ್ಲ. ಆದರೆ ಇಲ್ಲಿ ಕೂತವರಲ್ಲಿ ಹೌಸ್ ಡ್ರೈವರ್‌ಗಳಿದ್ದಾರೆ, ಟ್ಯಾಕ್ಸಿ ಓಡಿಸುವವರಿದ್ದಾರೆ, ಪಿಕಪ್‌ನಲ್ಲಿ ಅಂಗಡಿ ಅಂಗಡಿಗೆ ಸಾಮಾನು ಹಾಕುವವರಿದ್ದಾರೆ. ಗಾಡಿ ನಿಂತರೆ ನಿಮ್ಮ ಸಂಬಳವೂ ನಿಲ್ಲುತ್ತದೆ. ಅದಕ್ಕಾಗಿ ಒಂದೇ ಒಂದು ವಿಷಯ ಹಿಡಿದು ಮಾತಾಡುವುದು ಎಂದು ನಾವು ನಾಲ್ಕೈದು ಮಂದಿ ಕೂತು ತೀರ್ಮಾನಿಸಿದೆವು.

ವಿಷಯ ಇದು. ಸಿಗ್ನಲ್‌ನಲ್ಲಿ ಗಾಡಿ ನಿಂತಿದೆ. ಕಾಲು ಬ್ರೇಕಿನ ಮೇಲೆ ಉಂಟು, ಆಕ್ಸಿಲರೇಟರ್ ಮುಟ್ಟಿಲ್ಲ. ಆದರೂ ಮೀಟರ್‌ನಲ್ಲಿ ಆರ್‌ಪಿಎಂ ಮುಳ್ಳು 700ರಲ್ಲಿ ಇರಬೇಕಾದದ್ದು 1,000, 1,100ಕ್ಕೆ ಏರಿ ಕೂರುತ್ತದೆ. ಕೆಲವೊಮ್ಮೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಬ್ರೇಕ್ ಸ್ವಲ್ಪ ಸಡಿಲ ಮಾಡಿದರೆ ಗಾಡಿ ಮುಂದಕ್ಕೆ ತಳ್ಳುತ್ತದೆ. ಡ್ರೈವರ್ ಬಂದು ನಮ್ಮಲ್ಲಿ ಹೇಳುವುದು, "ಗಾಡಿ ಸುಮ್ಮನೆ ರೇಸ್ ಆಗ್ತಾ ಉಂಟು, ಸ್ವಲ್ಪ ಸ್ಲೋ ಸ್ಪೀಡ್ ಇಳಿಸಿ ಕೊಡಿ."

ಅಲ್ಲಿ ನಾವು ಕೈ ತಡೆಯಬೇಕು. ಅನೇಕ ಸಲ ಆ ರೇಸ್ ರೋಗ ಅಲ್ಲ. ಕರೆಂಟ್ ಸಾಕಾಗ್ತಾ ಇಲ್ಲ ಎಂದು ಗಾಡಿಯೇ ಹೇಳುತ್ತಿರುವ ಮಾತು ಅದು. ಇವತ್ತು ನಾವು ಹೇಳಲು ಬಂದಿರುವುದು ಇಷ್ಟೇ. ಅದನ್ನು ಬಿಡಿಸಿ ಹೇಳುತ್ತೇವೆ.

ಮೊದಲು ಯಾವುದು ಸಹಜ ಎಂದು ತಿಳಿಯೋಣ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಮುಳ್ಳು 1,200ರ ಮೇಲೆ ಹೋಗಿ, ಬಿಸಿಯಾದ ಮೇಲೆ ಇಳಿಯುವುದು ಸಹಜ. ಎಸಿ ಹಾಕಿದ ಕೂಡಲೇ ನೂರು ನೂರೈವತ್ತು ಸುತ್ತು ಏರುವುದೂ ಸಹಜ. ಎಂಜಿನ್ ಪೂರ್ತಿ ಬಿಸಿಯಾಗಿದ್ದು, ಎಸಿ ಬಂದ್ ಮಾಡಿ ಎರಡು ನಿಮಿಷ ಆದರೂ ಮುಳ್ಳು ಮೇಲೆಯೇ ನಿಂತಿದ್ದರೆ ಆಗ ಸಂಶಯ ಪಡಬೇಕು.

ಇನ್ನು ಒಳಗೆ ನಡೆಯುವುದು ಏನು? ಊರಿನ ಮನೆಯ ನೀರಿನ ಟ್ಯಾಂಕ್ ನೆನಪು ಮಾಡಿಕೊಳ್ಳಿ. ಮಹಡಿಯ ಮೇಲೆ ಟ್ಯಾಂಕ್, ಬಾವಿಯಲ್ಲಿ ಪಂಪು. ಗಾಡಿಯಲ್ಲಿ ಬ್ಯಾಟರಿ ಎಂದರೆ ಟ್ಯಾಂಕ್. ಆಲ್ಟರ್ನೇಟರ್, ಇಲ್ಲಿ ಎಲ್ಲರೂ ಡೈನಮೊ ಎಂದೇ ಕರೆಯುವ ಆ ಸಾಮಾನು, ಅದು ಪಂಪು. ಗಾಡಿ ಸ್ಟಾರ್ಟ್ ಆಗುವವರೆಗೆ ಮಾತ್ರ ಬ್ಯಾಟರಿಯ ಕೆಲಸ. ಸ್ಟಾರ್ಟ್ ಆದ ಮೇಲೆ ಲೈಟು, ಬ್ಲೋವರ್, ಪೆಟ್ರೋಲ್ ಪಂಪು, ಇಗ್ನಿಷನ್ ಎಲ್ಲದಕ್ಕೂ ಕರೆಂಟ್ ಕೊಡುವುದು ಡೈನಮೊ. ಅದರ ಮೇಲೆ ಉಳಿದದ್ದು ಬ್ಯಾಟರಿಗೆ ತುಂಬುತ್ತದೆ. ಪಂಪು ಕೊಡುವುದಕ್ಕಿಂತ ಮನೆಯಲ್ಲಿ ನಲ್ಲಿ ಜಾಸ್ತಿ ತೆರೆದರೆ ಟ್ಯಾಂಕ್ ಇಳಿಯುತ್ತಾ ಹೋಗುತ್ತದೆ. ಗಾಡಿಯಲ್ಲಿಯೂ ಅದೇ ಲೆಕ್ಕ.

ಡೈನಮೊ ಎಷ್ಟು ಕೊಡುತ್ತದೆ ಎನ್ನುವುದು ಅದು ಎಷ್ಟು ಜೋರಾಗಿ ತಿರುಗುತ್ತದೆ ಎನ್ನುವುದರ ಮೇಲೆ ನಿಂತಿದೆ. ಇದನ್ನು ನಮ್ಮ ಪ್ರಾಯದವರಿಗೆ ಹೇಳಿಕೊಡಬೇಕಾಗಿಲ್ಲ. ಸೈಕಲ್ಲಿನ ಚಕ್ರಕ್ಕೆ ಡೈನಮೊ ತಾಗಿಸಿ ಮಗ್ರಿಬ್ ಕಳೆದ ಮೇಲೆ ಮದ್ರಸದಿಂದ ಮನೆಗೆ ಬಂದವರು ಇಲ್ಲಿ ಎಷ್ಟೋ ಮಂದಿ ಇದ್ದೀರಿ. ಗುಡ್ಡೆ ಏರುವಾಗ ಲೈಟು ಮಿಣಿಮಿಣಿ, ಇಳಿಜಾರಿನಲ್ಲಿ ಹಗಲಿನ ಹಾಗೆ ಬೆಳಕು. ಬೆಳಕು ಬೇಕಾದರೆ ಜೋರಾಗಿ ತುಳಿಯಬೇಕು. ಗಾಡಿಯ ಕಂಪ್ಯೂಟರ್ ಮಾಡುವುದೂ ಇದನ್ನೇ. ಕರೆಂಟ್ ಸಾಲದೆ ಹೋದಾಗ ಅದು ಜೋರಾಗಿ ತುಳಿಯುತ್ತದೆ.

ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಎಂಜಿನ್ ಒಂದು ಸುತ್ತು ತಿರುಗಿದರೆ ಡೈನಮೊ ಸುಮಾರು ಎರಡೂವರೆ ಸುತ್ತು ತಿರುಗುವ ಹಾಗೆ ಪುಲ್ಲಿಗಳ ಅಳತೆ ಇರುತ್ತದೆ. ಎಂಜಿನ್ 700ರಲ್ಲಿ ನಿಂತಿದ್ದರೆ ಡೈನಮೊ 1,750. ಎಂಜಿನ್ 1,000ಕ್ಕೆ ಏರಿದರೆ ಡೈನಮೊ 2,500. ಡೈನಮೊ ಮೇಲೆ 100 ಆಂಪ್ಸ್ ಎಂದು ಬರೆದಿದ್ದರೂ ಆ ನೂರು ಸಿಗುವುದು ಹೈವೇಯಲ್ಲಿ ಓಡುವಾಗ. ಸಿಗ್ನಲ್‌ನಲ್ಲಿ ನಿಂತಾಗ, ಅದರಲ್ಲೂ ಬಾನೆಟ್ ಒಳಗೆ ಕಾದು ಕುದಿಯುವಾಗ, ಅದರ ಅರ್ಧದ ಆಸುಪಾಸು ಸಿಕ್ಕಿದರೆ ದೊಡ್ಡದು.

ಈಗ ಖರ್ಚು ನೋಡಿ. ರಾತ್ರಿ ಹೊತ್ತು, ಆಗಸ್ಟ್ ತಿಂಗಳು, ಎಸಿ ಫುಲ್. ಹೆಡ್‌ಲೈಟ್ ಒಂದೊಂದು 55 ವ್ಯಾಟ್, ಎರಡಕ್ಕೂ ಹಿಂದಿನ ಲೈಟಿಗೂ ಸೇರಿ ಸುಮಾರು 10 ಆಂಪ್ಸ್. ಬ್ಲೋವರ್ ಫುಲ್‌ನಲ್ಲಿ 15ರಿಂದ 20. ರೇಡಿಯೇಟರ್ ಫ್ಯಾನ್ ಇನ್ನೊಂದು 15, 20. ಪೆಟ್ರೋಲ್ ಪಂಪು, ಇಂಜೆಕ್ಟರ್, ಇಗ್ನಿಷನ್, ಕಂಪ್ಯೂಟರ್ ಸೇರಿ 15ರ ಹತ್ತಿರ. ಎಸಿಯ ಕಂಪ್ರೆಸರ್ ಕ್ಲಚ್ 4. ಒಟ್ಟು 60ರ ಸುತ್ತ ಬಂತು. ನಿಂತ ಗಾಡಿಯ ಡೈನಮೊ ಕೊಡುವುದು 50. ಕೊರತೆ 10 ಆಂಪ್ಸ್ ಬ್ಯಾಟರಿಯಿಂದ ಹೋಗುತ್ತದೆ. ಒಳ್ಳೆಯ ಗಾಡಿಯಲ್ಲೂ ಹೀಗಾಗುತ್ತದೆ. ಅದಕ್ಕಾಗಿಯೇ ಎಸಿ ಹಾಕಿದಾಗ ಕಂಪ್ಯೂಟರ್ ಸ್ವಲ್ಪ ರೇಸ್ ಕೊಡುವ ವ್ಯವಸ್ಥೆ ಮಾಡಿರುವುದು.

ಇನ್ನು ಡೈನಮೊ ದುರ್ಬಲವಾಯಿತು ಎಂದು ಇಟ್ಟುಕೊಳ್ಳಿ. ಒಳಗಿನ ಬ್ರಶ್ ಸವೆದಿದೆ, ಅಥವಾ ಆರು ಡಯೋಡ್‌ಗಳಲ್ಲಿ ಒಂದು ಸತ್ತಿದೆ, ಅಥವಾ ಬೆಲ್ಟ್ ಸಡಿಲಾಗಿ ಜಾರುತ್ತಿದೆ. ಗಾಡಿಯ ವೋಲ್ಟ್ 14ರಲ್ಲಿ ಇರಬೇಕಾದದ್ದು 12.5ಕ್ಕೆ ಇಳಿಯುತ್ತದೆ. ಕಂಪ್ಯೂಟರ್‌ಗೆ ವೋಲ್ಟ್ ಎಷ್ಟು ಎಂದು ಯಾವಾಗಲೂ ಗೊತ್ತಿರುತ್ತದೆ, ಅದು ಆ ಕರೆಂಟಿನಲ್ಲೇ ಬದುಕುವುದು. ವೋಲ್ಟ್ ಇಳಿದದ್ದನ್ನು ಕಂಡ ಕೂಡಲೇ ಥ್ರಾಟಲನ್ನು ಒಂದು ಕೂದಲಷ್ಟು ತೆರೆಯುತ್ತದೆ, ಗಾಳಿ ಜಾಸ್ತಿ ಹೋಗುತ್ತದೆ, ಪೆಟ್ರೋಲ್ ಜಾಸ್ತಿ ಬೀಳುತ್ತದೆ, ಎಂಜಿನ್ ಏರುತ್ತದೆ. ವೋಲ್ಟ್ ಸರಿಯಾದರೆ ಇಳಿಸುತ್ತದೆ. ಇಳಿಸಿದಾಗ ಮತ್ತೆ ವೋಲ್ಟ್ ಬೀಳುತ್ತದೆ, ಮತ್ತೆ ಏರಿಸುತ್ತದೆ. ಮುಳ್ಳು ಜೋಕಾಲಿ ಆಡುವುದಕ್ಕೆ ಒಂದು ಕಾರಣ ಇದು.

ಎಲ್ಲ ಕಂಪನಿಯ ಗಾಡಿಗಳಲ್ಲೂ ಇದು ಒಂದೇ ರೀತಿ ಇರುವುದಿಲ್ಲ. ಅಮೆರಿಕದ ಜಿಎಂಸಿ, ಶೆವರ್ಲೆ ಗಾಡಿಗಳಲ್ಲಿ ಬ್ಯಾಟರಿ ಇಳಿದಂತೆ ಹಂತ ಹಂತವಾಗಿ ಐಡಲ್ ಏರಿಸುವ ಏರ್ಪಾಡು ಉಂಟು. ಕೆಲವು ಹೋಂಡಾ ಗಾಡಿಗಳಲ್ಲಿ ಫ್ಯೂಸ್ ಬಾಕ್ಸ್ ಒಳಗೆ ಎಷ್ಟು ಕರೆಂಟ್ ಹೋಗುತ್ತಿದೆ ಎಂದು ಅಳೆಯುವ ಒಂದು ಸಣ್ಣ ಸಾಮಾನು ಇರುತ್ತದೆ. ಹಳೆಯ ಗಾಡಿಗಳಲ್ಲಿ ಥ್ರಾಟಲ್ ಪಕ್ಕದಲ್ಲಿ ಒಂದು ವಾಲ್ವ್, ಹೊಸ ಗಾಡಿಗಳಲ್ಲಿ ಥ್ರಾಟಲ್‌ಗೇ ಮೋಟರ್. ದಾರಿ ಬೇರೆ ಬೇರೆ, ಉದ್ದೇಶ ಒಂದೇ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಡೈನಮೊ ದುರ್ಬಲವಾಗಿದ್ದರೆ ರೇಸ್ ಏರಿದಾಗ ವೋಲ್ಟ್ ಏರುತ್ತದೆ. ಡೈನಮೊ ಪೂರ್ತಿ ಸತ್ತಿದ್ದರೆ ಎಷ್ಟು ರೇಸ್ ಕೊಟ್ಟರೂ ವೋಲ್ಟ್ ಏರುವುದಿಲ್ಲ. ಸತ್ತ ಸೈಕಲ್ ಡೈನಮೊವನ್ನು ಎಷ್ಟು ತುಳಿದರೂ ಲೈಟ್ ಹತ್ತುತ್ತದಾ? ಈ ಒಂದು ಪರೀಕ್ಷೆಯಿಂದಲೇ ಅರ್ಧ ವಿಷಯ ತಿಳಿಯುತ್ತದೆ.

ಡೈನಮೊ ಸರಿ ಇದ್ದೂ ಮುಳ್ಳು ಏರುವ ಕೆಲವು ಸಂದರ್ಭಗಳು ಉಂಟು. ಅದರಲ್ಲಿ ಮೊದಲನೆಯದು ಅರ್ತ್. ಬ್ಯಾಟರಿಯ ಮೈನಸ್‌ನಿಂದ ಬಾಡಿಗೆ, ಬಾಡಿಯಿಂದ ಎಂಜಿನ್‌ಗೆ ದಪ್ಪ ವೈರ್ ಅಥವಾ ಹೆಣೆದ ಪಟ್ಟಿ ಹೋಗಿರುತ್ತದೆ. ಕರೆಂಟ್ ಹೋಗುವ ದಾರಿಯಷ್ಟೇ ತಿರುಗಿ ಬರುವ ದಾರಿಯೂ ಮುಖ್ಯ. ಇಲ್ಲಿಯ ಸಮುದ್ರದ ಉಪ್ಪು ಗಾಳಿ, ಧೂಳು, ಬೇಸಿಗೆಯ ಬೆವರಿನಂಥ ತೇವ ಸೇರಿ ಆ ಪಟ್ಟಿಯ ಬೋಲ್ಟ್ ಕೆಳಗೆ ತುಕ್ಕು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ವೈರ್ ಚೆನ್ನಾಗಿಯೇ ಕಾಣುತ್ತದೆ. ಡೈನಮೊ ಪೂರ್ತಿ ವೋಲ್ಟ್ ಕೊಡುತ್ತಿರುತ್ತದೆ, ಬ್ಯಾಟರಿಗೆ ಮಾತ್ರ ಮುಟ್ಟುವುದಿಲ್ಲ. ಅಷ್ಟೇ ಅಲ್ಲ, ಅರ್ತ್ ಕೆಟ್ಟರೆ ಸೆನ್ಸರ್‌ಗಳು ಕಂಪ್ಯೂಟರ್‌ಗೆ ಸುಳ್ಳು ಹೇಳಲು ಶುರು ಮಾಡುತ್ತವೆ. ಥ್ರಾಟಲ್ ಮುಚ್ಚಿದ್ದರೂ ತೆರೆದಿದೆ ಎಂದು ಕಂಪ್ಯೂಟರ್ ತಿಳಿಯಬಹುದು.

ಡಯೋಡ್ ಕೆಟ್ಟಾಗಲೂ ಇಂಥದ್ದೇ ಗೊಂದಲ. ಡೈನಮೊ ಒಳಗೆ ಹುಟ್ಟುವುದು ಮನೆಯ ಕರೆಂಟಿನ ಹಾಗೆ ಎಸಿ. ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ. ಒಂದು ಡಯೋಡ್ ಹೋದರೆ ಸ್ವಲ್ಪ ಎಸಿ ಹಾಗೆಯೇ ಗಾಡಿಯ ವೈರುಗಳಿಗೆ ನುಗ್ಗುತ್ತದೆ. ರೇಡಿಯೋದಲ್ಲಿ ಎಂಜಿನ್ ಜತೆ ಏರಿಳಿಯುವ ಕೀರಲು ಶಬ್ದ ಕೇಳಿದರೆ ಡಯೋಡನ್ನು ನೆನಪಿಡಿ.

ಇನ್ನೊಂದು, ಹೊಸ ಬ್ಯಾಟರಿ ಹಾಕಿದ ಮೇಲೆ ಶುರುವಾಗುವ ರೇಸ್. ಇದು ಚಾರ್ಜಿಂಗ್ ತೊಂದರೆ ಅಲ್ಲ. ಥ್ರಾಟಲ್ ಒಳಗೆ ಕರಿ ಕಟ್ಟಿರುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಂತೆ ತನ್ನ ಲೆಕ್ಕ ಬರೆದಿಟ್ಟುಕೊಂಡಿರುತ್ತದೆ. ಬ್ಯಾಟರಿ ತೆಗೆದಾಗ ಕೆಲವು ಗಾಡಿಗಳಲ್ಲಿ ಆ ಲೆಕ್ಕ ಅಳಿಸಿ ಹೋಗುತ್ತದೆ. ಕೆಲವು ಗಾಡಿ ಒಂದೆರಡು ದಿನ ಓಡಿದಾಗ ತಾನೇ ಕಲಿತುಕೊಳ್ಳುತ್ತದೆ. ನಿಸ್ಸಾನಿನಂಥ ಗಾಡಿಗೆ ಸ್ಕ್ಯಾನರ್ ಹಾಕಿ ಕಲಿಸಿಕೊಡಬೇಕಾಗುತ್ತದೆ. ಎಂಜಿನ್‌ಗೆ ಹೋಗುವ ರಬ್ಬರ್ ಪೈಪ್ ಬಿರುಕು ಬಿಟ್ಟು ಗಾಳಿ ಎಳೆದರೂ ರೇಸ್ ಆಗುತ್ತದೆ, ಅದು ಬೇರೆ ಕಥೆ. ಅದರಲ್ಲಿ ವೋಲ್ಟ್ ಸರಿಯಾಗಿಯೇ ಇರುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇವೆ ಎಂದರೆ, ನಮ್ಮಲ್ಲಿಗೆ ಬಂದ ಒಬ್ಬ ಸಹೋದರನ ವಿಷಯ ಹೇಳಬೇಕು. ಬಂಟ್ವಾಳ ಕಡೆಯವರು, ಹೌಸ್ ಡ್ರೈವರ್, ಸಂಬಳ 1,800 ರಿಯಾಲ್. ಮನೆಯವರ ದೊಡ್ಡ ಗಾಡಿ. ಬೆಳಿಗ್ಗೆ ಸೆಲ್ಫ್ ನಿಧಾನ, ಸಿಗ್ನಲ್‌ನಲ್ಲಿ ರೇಸ್ 1,100. ಒಂದು ಗ್ಯಾರೇಜ್‌ಗೆ ಕೊಟ್ಟರು, ಬ್ಯಾಟರಿ ಹೋಗಿದೆ ಎಂದು ಹೊಸದು ಹಾಕಿದರು. ಐದಾರು ತಿಂಗಳಿಗೆ ಅದೂ ಕೈ ಕೊಟ್ಟಿತು. ಇನ್ನೊಂದು ಹಾಕಿದರು, ಜತೆಗೆ ಸ್ಲೋ ಸ್ಪೀಡ್ ಜಾಸ್ತಿ ಎಂದು ಥ್ರಾಟಲ್‌ನ ಸ್ಕ್ರೂ ತಿರುಗಿಸಿ ಕಳುಹಿಸಿದರು. ಹದಿನಾಲ್ಕು ತಿಂಗಳಲ್ಲಿ ಮೂರು ಬ್ಯಾಟರಿ. ನೀನು ಎಸಿ ಹಾಕಿ ಗಾಡಿಯಲ್ಲಿ ಮಲಗುತ್ತೀ, ಫೋನ್ ಚಾರ್ಜ್ ಮಾಡುತ್ತೀ, ಅದಕ್ಕೇ ಬ್ಯಾಟರಿ ಹೋಗುವುದು ಎಂದು ಎರಡು ಬ್ಯಾಟರಿಯ ದುಡ್ಡು, ಒಂದೊಂದು 300 ರಿಯಾಲ್, ಸಂಬಳದಲ್ಲಿ ಹಿಡಿದರು. ಊರಿನಲ್ಲಿ ಮಗಳ ಮದುವೆಗೆ ಚೀಟಿ ಕಟ್ಟುತ್ತಿದ್ದ ಮನುಷ್ಯ, ಆ ತಿಂಗಳ ಚೀಟಿ ಬಾಕಿ.

ನಾವು ಮೀಟರ್ ಇಟ್ಟು ನೋಡಿದೆವು. ಡೈನಮೊ ಮೈಯಲ್ಲೇ ಅಳೆದರೆ 14.4. ಬ್ಯಾಟರಿಯಲ್ಲಿ 12.9. ಒಂದೂವರೆ ವೋಲ್ಟ್ ದಾರಿಯಲ್ಲಿ ಕಾಣೆ. ಹುಡುಕಿದಾಗ ಪ್ಲಸ್ ವೈರ್‌ನಲ್ಲಿ ಹೋದದ್ದು 0.3, ಎಂಜಿನ್ ಅರ್ತ್ ಪಟ್ಟಿಯಲ್ಲಿ 1.2. ಪಟ್ಟಿ ಬಿಚ್ಚಿದರೆ ಬೋಲ್ಟ್ ಕೆಳಗೆ ಹಸಿರು ಪುಡಿ. ಹೊಸ ಪಟ್ಟಿಗೆ 20 ರಿಯಾಲ್. ಹಾಕಿದ ಮೇಲೆ ಬ್ಯಾಟರಿಯಲ್ಲಿ 14 ಬಂತು. ಪ್ಲಸ್ ವೈರ್‌ನ ತುದಿಯನ್ನೂ ಉಜ್ಜಿ ಬಿಗಿ ಮಾಡಿ, ಥ್ರಾಟಲ್ ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತಂದೆವು. ಮುಳ್ಳು ಎಸಿ ಹಾಕಿಯೂ 750ರಲ್ಲಿ ನಿಂತಿತು. ಮೂರು ಬ್ಯಾಟರಿಗಳಲ್ಲಿ ಒಂದರದ್ದೂ ತಪ್ಪಿಲ್ಲ. ಹೊಟ್ಟೆಗೆ ಊಟ ಸಿಗದೆ ಸತ್ತವು ಅವು. ಮೀಟರ್‌ನ ಫೋಟೋ, ಹಸಿರು ಹಿಡಿದ ಪಟ್ಟಿಯ ಫೋಟೋ ತೆಗೆದು ಕಫೀಲ್‌ಗೆ ಕಳುಹಿಸಲು ಹೇಳಿದೆವು. ಅವರು ನೋಡಿ ಕೊನೆಯ ಬ್ಯಾಟರಿಯ ದುಡ್ಡು ತಿರುಗಿ ಕೊಟ್ಟರು. ಮೊದಲಿನದು ಹೋದದ್ದು ಹೋಯಿತು.

ಸಹೋದರರೇ, ಆ ಗಾಡಿ ಮೊದಲ ದಿನದಿಂದಲೇ ಸತ್ಯ ಹೇಳುತ್ತಿತ್ತು. ಯಾರೂ ಕೇಳಲಿಲ್ಲ, ಬಾಯಿ ಮುಚ್ಚಿಸಲು ಸ್ಕ್ರೂ ತಿರುಗಿಸಿದರು.

ಇನ್ನು ನೀವು ಮಾಡಬಹುದಾದ ಪರೀಕ್ಷೆ. ಒಂದು ಸಾಧಾರಣ ಮಲ್ಟಿಮೀಟರ್‌ಗೆ ದೊಡ್ಡ ಖರ್ಚಿಲ್ಲ. ನಿಮ್ಮ ರೂಮಿನಲ್ಲಿ ಆರು ಜನ ಡ್ರೈವರ್‌ಗಳಿದ್ದರೆ ಆರು ಜನಕ್ಕೂ ಒಂದು ಸಾಕು. ಅದನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಸಡಿಲ ಬಟ್ಟೆ, ಕೈಯ ಉಂಗುರ, ವಾಚ್ ತೆಗೆದಿಡಿ. ತಿರುಗುವ ಬೆಲ್ಟ್, ಫ್ಯಾನ್ ಹತ್ತಿರ ಕೈ ಬೇಡ.

ಮೊದಲ ಪರೀಕ್ಷೆ, ಗಾಡಿ ರಾತ್ರಿಯಿಡೀ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು. 12.6 ಇದ್ದರೆ ಬ್ಯಾಟರಿ ಪೂರ್ತಿ ತುಂಬಿದೆ. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ. 12ಕ್ಕೆ ಬಂದಿದ್ದರೆ ಹೆಚ್ಚು ಕಡಿಮೆ ಬರಿದು. 12.6ಕ್ಕೂ 12ಕ್ಕೂ ನಡುವೆ ಕಾಣುವುದು ಅರ್ಧ ವೋಲ್ಟಿನ ಅಂತರ, ಆದರೆ ತುಂಬಿದ ಕೊಡಕ್ಕೂ ಖಾಲಿ ಕೊಡಕ್ಕೂ ಇರುವ ಅಂತರ ಅದು.

ಎರಡನೆಯದು, ಸ್ಟಾರ್ಟ್ ಮಾಡಿ ಎಲ್ಲ ಬಂದ್ ಇಟ್ಟು. 13.5ರಿಂದ 14.7ರ ಒಳಗೆ ಇರಬೇಕು. ಇಲ್ಲಿಯ ಸೆಕೆಯಲ್ಲಿ 13.5ರ ಹತ್ತಿರ ಇದ್ದರೆ ಹೆದರಬೇಡಿ, ಬಿಸಿಯಾದಾಗ ರೆಗ್ಯುಲೇಟರ್ ತಾನೇ ಸ್ವಲ್ಪ ಇಳಿಸುತ್ತದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ, ತಡ ಮಾಡಬೇಡಿ.

ಮೂರನೆಯದು, ಹೆಡ್‌ಲೈಟ್ ಹಾಕಿ, ಬ್ಲೋವರ್ ಫುಲ್ ಇಟ್ಟು, ಎಸಿ ಹಾಕಿ. 13ರಿಂದ ಕೆಳಗೆ ಇಳಿಯಬಾರದು. ಇಳಿದರೆ ಒಬ್ಬರು ಗಾಡಿಯನ್ನು 1,500, 2,000ಕ್ಕೆ ರೇಸ್ ಮಾಡಲಿ. ವೋಲ್ಟ್ ಏರಿದರೆ ಡೈನಮೊ ಬದುಕಿದೆ, ದುರ್ಬಲವಾಗಿದೆ ಅಥವಾ ಬೆಲ್ಟ್ ಜಾರುತ್ತಿದೆ. ಏರದಿದ್ದರೆ ಡೈನಮೊ ಇಲ್ಲವೇ ಅದರ ಫ್ಯೂಸ್, ವೈರ್ ಹೋಗಿದೆ.

ನಾಲ್ಕನೆಯದು, ಅದೇ ಲೋಡ್ ಇಟ್ಟುಕೊಂಡೇ ಒಂದು ಕಡ್ಡಿ ಡೈನಮೊದ ಬರಿಯ ಲೋಹದ ಮೈಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ. 0.2ಕ್ಕಿಂತ ಜಾಸ್ತಿ ಬಂದರೆ ಅರ್ತ್ ಕೆಟ್ಟಿದೆ. ಡೈನಮೊದ ದಪ್ಪ ಪ್ಲಸ್ ವೈರ್‌ನಿಂದ ಬ್ಯಾಟರಿ ಪ್ಲಸ್‌ಗೂ ಹೀಗೆಯೇ ನೋಡಬಹುದು, ಆದರೆ ಆ ಪ್ಲಸ್ ಮುಟ್ಟುವ ಕೆಲಸ ಅನುಭವ ಇದ್ದವರಿಗೇ ಬಿಡಿ. ಕಡ್ಡಿ ಜಾರಿ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ.

ಒಂದು ಎಚ್ಚರಿಕೆ. ಈಚಿನ ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಉಳಿಸಲು ಕಂಪ್ಯೂಟರ್ ತಾನೇ ಚಾರ್ಜಿಂಗ್ ಕಡಿಮೆ ಮಾಡುತ್ತದೆ. ಅಂಥ ಗಾಡಿಯಲ್ಲಿ ಖಾಲಿ ಇದ್ದಾಗ 12.8 ತೋರಿಸಿದರೂ ಅದು ರೋಗ ಅಲ್ಲ. ಹೆಡ್‌ಲೈಟ್ ಹಾಕಿ ನೋಡಿ, ಏರಿದರೆ ಸರಿ ಉಂಟು.

ಈಗ ಮಾಡಬಾರದ್ದು. ಊರಿನಲ್ಲಿ ಹಳೆಯ ಲಾರಿ, ಜೀಪ್ ಕಾಲದ ಒಂದು ಅಭ್ಯಾಸ ಇತ್ತು. ಗಾಡಿ ಸ್ಟಾರ್ಟ್ ಇರುವಾಗ ಬ್ಯಾಟರಿಯ ಟರ್ಮಿನಲ್ ತೆಗೆಯುವುದು, ಬಂದ್ ಆಗದಿದ್ದರೆ ಡೈನಮೊ ಒಳ್ಳೆಯದು ಎನ್ನುವುದು. ಇವತ್ತಿನ ಗಾಡಿಯಲ್ಲಿ ಅದನ್ನು ಯಾವ ಕಾರಣಕ್ಕೂ ಮಾಡಬೇಡಿ, ಮಾಡಲು ಬಿಡಬೇಡಿ. ಬ್ಯಾಟರಿ ತೆಗೆದ ಆ ಕ್ಷಣ ವೋಲ್ಟ್ ಮೂರು ನಾಲ್ಕು ಪಟ್ಟು ಚಿಮ್ಮಬಹುದು. ಕಂಪ್ಯೂಟರ್ ಸುಟ್ಟರೆ ನಿಮ್ಮ ಎರಡು ಮೂರು ತಿಂಗಳ ಸಂಬಳ ಹೋಯಿತು.

ಮೀಟರ್ ಇಡದೆ ಬ್ಯಾಟರಿ ಕೊಳ್ಳಬೇಡಿ. ವೋಲ್ಟ್ ನೋಡದೆ ಸ್ಲೋ ಸ್ಪೀಡ್ ಇಳಿಸಲು ಒಪ್ಪಬೇಡಿ. ಜಂಪ್ ಸ್ಟಾರ್ಟ್ ಮಾಡಿ ಹೈವೇಗೆ ಹೋದರೆ ಬ್ಯಾಟರಿ ತುಂಬುತ್ತದೆ ಎಂದು ನಂಬಬೇಡಿ. ಪೂರ್ತಿ ಬರಿದಾದ ಬ್ಯಾಟರಿಯನ್ನು ತುಂಬಿಸಲು ಡೈನಮೊ ಗಂಟೆಗಟ್ಟಲೆ ತನ್ನ ಪೂರ್ತಿ ಶಕ್ತಿ ಹಾಕಿ ದುಡಿಯಬೇಕಾಗುತ್ತದೆ. ಈ ಸೆಕೆಯಲ್ಲಿ ಒಳ್ಳೆಯ ಡೈನಮೊ ಕೂಡ ಹಾಗೆ ಸುಟ್ಟದ್ದು ಉಂಟು. ಚಾರ್ಜರ್‌ಗೆ ಹಾಕಿ ತುಂಬಿಸಿ.

ಬ್ಯಾಟರಿಯ ಆಯುಷ್ಯದ ಬಗ್ಗೆಯೂ ಒಂದು ಮಾತು. ಊರಿನಲ್ಲಿ ನಾಲ್ಕೈದು ವರ್ಷ ಬಂದ ಬ್ಯಾಟರಿ ಇಲ್ಲಿ ಎರಡು ವರ್ಷಕ್ಕೆ ಮುಗಿಯುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ಬ್ಯಾಟರಿಯ ಆಯುಷ್ಯ ಅರ್ಧಕ್ಕೆ ಬರುತ್ತದೆ ಎಂಬುದು ಈ ಕಸುಬಿನ ಲೆಕ್ಕ. ನೆರಳಿನಲ್ಲೇ 48 ಡಿಗ್ರಿ ಇರುವಾಗ ಬಾನೆಟ್ ಒಳಗೆ ಎಷ್ಟು ಎಂದು ನೀವೇ ಊಹಿಸಿ. ಹಾಗಾಗಿ ಎರಡು ವರ್ಷ ಕಳೆದ ಬ್ಯಾಟರಿ ಹೋದರೆ ಅದು ಡ್ರೈವರ್‌ನ ತಪ್ಪಲ್ಲ. ಆರು ತಿಂಗಳಲ್ಲಿ ಹೋದರೆ ಅದಕ್ಕೆ ಬೇರೆ ಕಾರಣ ಉಂಟು, ಹುಡುಕಿಸಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಂಡರೆ ಗಾಡಿ ಬಂದ್ ಮಾಡಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು ಒರೆಸಿ ಬಿಗಿ ಮಾಡಿ. ಅದಕ್ಕೆ ಖರ್ಚಿಲ್ಲ.

ಇನ್ನು ಜೀವದ ವಿಷಯ. ದಮ್ಮಾಮಿನಿಂದ ರಿಯಾದಿಗೆ ಸುಮಾರು 400 ಕಿಲೋಮೀಟರ್. ಉಮ್ರಾಕ್ಕೆ ಹೊರಟರೆ ಸಾವಿರ ದಾಟುತ್ತದೆ. ಮಧ್ಯಾಹ್ನ, ಎರಡೂ ಕಡೆ ಮರಳು, ಗಾಡಿಯಲ್ಲಿ ಮಕ್ಕಳು. ಬ್ಯಾಟರಿಯ ಕೆಂಪು ಲೈಟ್ ಹತ್ತಿತು. ಏನು ಮಾಡುವುದು?

ಮೊದಲು ಟೆಂಪರೇಚರ್ ಮುಳ್ಳು ನೋಡಿ. ಅನೇಕ ಗಾಡಿಗಳಲ್ಲಿ ಒಂದೇ ಬೆಲ್ಟ್ ಡೈನಮೊವನ್ನೂ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ತುಂಡಾಗಿದ್ದರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ. ಮುಳ್ಳು ಏರುತ್ತಿದ್ದರೆ ಸುರಕ್ಷಿತವಾಗಿ ಬದಿಗೆ ಹಾಕಿ ಬಂದ್ ಮಾಡಿ, ಮುಂದೆ ಓಡಿಸಬೇಡಿ.

ಮುಳ್ಳು ಸರಿ ಇದ್ದರೆ, ಈಗ ನೀವು ಟ್ಯಾಂಕಿನ ನೀರಲ್ಲಿ ಮಾತ್ರ ಇದ್ದೀರಿ ಎಂದು ತಿಳಿಯಿರಿ. 60 ಆಂಪಿಯರ್ ಅವರ್ ಬ್ಯಾಟರಿ ಎಂದರೆ 60 ಆಂಪ್ಸ್ ಎಳೆದರೆ ಕಾಗದದ ಮೇಲೆ ಒಂದು ಗಂಟೆ, ನಿಜದಲ್ಲಿ ಅದರ ಅರ್ಧವೂ ಕಷ್ಟ. ಎಸಿ, ಬ್ಲೋವರ್, ರೇಡಿಯೋ, ಫೋನ್ ಚಾರ್ಜರ್ ಎಲ್ಲ ಬಂದ್ ಮಾಡಿದರೆ ಖರ್ಚು 15, 20ಕ್ಕೆ ಇಳಿಯುತ್ತದೆ. ಒಳ್ಳೆಯ ಬ್ಯಾಟರಿ ಇದ್ದರೆ ಒಂದು ಗಂಟೆಯ ಮೇಲೆ ಸಿಗಬಹುದು. ಮುಂದಿನ ಪೆಟ್ರೋಲ್ ಬಂಕಿಗೆ ಅದು ಸಾಕು. ಕಿಟಕಿ ಇಳಿಸಿ, ಮಕ್ಕಳಿಗೆ ನೀರು ಕುಡಿಸುತ್ತಾ ಅಲ್ಲಿಗೆ ತಲುಪಿ. ದಾರಿಯಲ್ಲಿ ಗಾಡಿ ಬಂದ್ ಮಾಡಬೇಡಿ, ಮತ್ತೆ ಸ್ಟಾರ್ಟ್ ಆಗುವ ಭರವಸೆ ಇಲ್ಲ. ಬಂಕಿನಲ್ಲಿ ಪೆಟ್ರೋಲ್ ಹಾಕುವ ಜಾಗದಿಂದ ದೂರ, ನೆರಳಿನಲ್ಲಿ ನಿಲ್ಲಿಸಿ. ಕರೆಂಟಿನ ಪವರ್ ಸ್ಟೀರಿಂಗ್ ಇರುವ ಗಾಡಿಯಲ್ಲಿ ವೋಲ್ಟ್ ಇಳಿದಂತೆ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಸ್ಪೀಡ್ ಕಡಿಮೆ ಇಡಿ. ರಾತ್ರಿಯಾದರೆ ಹೆಡ್‌ಲೈಟ್ ಆರಿಸಿ ಓಡಿಸುವ ಸಾಹಸ ಬೇಡವೇ ಬೇಡ, ಹತ್ತಿರದಲ್ಲೇ ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ ಸಹಾಯ ಕೇಳಿ. ಬೇಸಿಗೆಯಲ್ಲಿ ಊರು ದಾಟುವ ಯಾವ ಪ್ರಯಾಣಕ್ಕೂ ಗಾಡಿಯಲ್ಲಿ ನೀರಿನ ಕಾರ್ಟನ್ ಇಲ್ಲದೆ ಹೊರಡಬೇಡಿ.

ಆ ಕೆಂಪು ಲೈಟಿಗೂ ಒಂದು ಪರೀಕ್ಷೆ ಉಂಟು. ಕೀ ಆನ್ ಮಾಡಿದಾಗ ಅದು ಹತ್ತಬೇಕು, ಸ್ಟಾರ್ಟ್ ಆದಾಗ ಆರಬೇಕು. ಕೀ ಹಾಕಿದಾಗ ಹತ್ತುವುದೇ ಇಲ್ಲ ಎಂದಾದರೆ, ಡೈನಮೊ ಸತ್ತರೂ ಅದು ನಿಮಗೆ ಹೇಳುವುದಿಲ್ಲ. ಅಂಥ ಗಾಡಿಯಲ್ಲಿ ನಿಮಗೆ ಸುದ್ದಿ ಕೊಡಲು ಉಳಿದಿರುವುದು ಏರಿದ ಆರ್‌ಪಿಎಂ ಮುಳ್ಳು ಒಂದೇ.

ಕೊನೆಗೆ, ಗಾಡಿ ಯಜಮಾನರದ್ದು, ಆದರೆ ನಮ್ಮ ಕೈಗೆ ಕೊಟ್ಟ ಅಮಾನತ್ತು. ಅಮಾನತ್ತನ್ನು ನೋಡಿಕೊಳ್ಳುವುದು ಎಂದರೆ ತೊಳೆದು ಹೊಳೆಯಿಸುವುದು ಮಾತ್ರ ಅಲ್ಲ. ಅದು ಹೇಳುವ ಮಾತನ್ನು ಕೇಳಿ ಸಮಯಕ್ಕೆ ತಿಳಿಸುವುದೂ ಸೇರಿದೆ. ಮುಳ್ಳು ಏರಿದ ದಿನವೇ ಒಂದು ಫೋಟೋ ತೆಗೆಯಿರಿ. ಮೀಟರ್ ಇಟ್ಟು ವೋಲ್ಟ್‌ನ ಒಂದು ಫೋಟೋ. ಎರಡನ್ನೂ ತಾರೀಕಿನ ಸಮೇತ ಕಫೀಲ್‌ಗೋ ಮುದೀರ್‌ಗೋ ವಾಟ್ಸಾಪ್‌ನಲ್ಲಿ ಕಳುಹಿಸಿ. ಬಾಯಲ್ಲಿ ಹೇಳಿದ್ದು ಮರೆತು ಹೋಗುತ್ತದೆ, ಕಳುಹಿಸಿದ್ದು ಉಳಿಯುತ್ತದೆ. ಭಾಷೆ ಗೊತ್ತಿಲ್ಲ ಎಂದು ಹಿಂಜರಿಯಬೇಡಿ, ಸಂಖ್ಯೆಗೆ ಭಾಷೆ ಬೇಡ. ಗ್ಯಾರೇಜ್‌ಗೆ ಹೋದಾಗಲೂ "ಬ್ಯಾಟರಿ ಹಾಕಿ" ಎನ್ನಬೇಡಿ. "ವೋಲ್ಟ್ ಎಷ್ಟು ಬರ್ತದೆ ನೋಡಿ, ಅರ್ತ್ ನೋಡಿ" ಎನ್ನಿ. ಹಾಗೆ ಹೇಳಿದ ಗಿರಾಕಿಗೆ ಸುಮ್ಮನೆ ಬ್ಯಾಟರಿ ಮಾರಲು ಯಾರಿಗೂ ಧೈರ್ಯ ಬರುವುದಿಲ್ಲ. ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ, ಬಿಲ್ ತೆಗೆದಿಡಿ.

ನಮ್ಮ ಕಡೆಯಿಂದ ಒಂದು ಮಾತು ಕೊಡುತ್ತೇವೆ. ಪ್ರತಿ ಶುಕ್ರವಾರ ಅಸರ್ ನಮಾಝ್ ಆದ ಮೇಲೆ ನಮ್ಮಲ್ಲಿ ಇಬ್ಬರು ಮೀಟರ್ ಹಿಡಿದು ಈ ಹಾಲ್‌ನ ಪಾರ್ಕಿಂಗ್‌ನಲ್ಲಿ ಇರುತ್ತೇವೆ. ಗಾಡಿ ತಂದು ನಿಲ್ಲಿಸಿ, ನೋಡಲು ಹತ್ತು ನಿಮಿಷ ಸಾಕು. ದುಡ್ಡಿನ ಮಾತಿಲ್ಲ. ಮೀಟರ್ ಹಿಡಿಯುವುದನ್ನು ಕಲಿಯಬೇಕೆಂದಿರುವ ಹುಡುಗರಿದ್ದರೆ ಕಲಿಸಿಯೂ ಕೊಡುತ್ತೇವೆ. ಇವತ್ತು ಡ್ರೈವರ್ ಆಗಿರುವವನು ನಾಳೆ ಕಸುಬು ಕಲಿತು ಊರಿನಲ್ಲಿ ಒಂದು ಅಂಗಡಿ ಇಟ್ಟರೆ ಅದಕ್ಕಿಂತ ಸಂತೋಷ ನಮಗೆ ಬೇರೆ ಏನು ಬೇಕು?

ನಿಮ್ಮ ದಾರಿಯನ್ನು ಅಲ್ಲಾಹನು ಸುಗಮ ಮಾಡಲಿ. ಊರಿನಲ್ಲಿ ನಿಮ್ಮ ದಾರಿ ಕಾಯುವವರ ಬಳಿಗೆ ಎಲ್ಲರನ್ನೂ ಕ್ಷೇಮವಾಗಿ ತಲುಪಿಸಲಿ, ಆಮೀನ್. ಅಸ್ಸಲಾಮು ಅಲೈಕುಂ.